ನ್ಯಾರೋಬೋಟಿನಲ್ಲಿ ಮನೆ ಮಾಡಿದರೆ, ನದಿ ಏರಿದಾಗ ಎಷ್ಟು ದಿನ ಕಾಯಬೇಕು?

ಆಕ್ಸ್‌ಫರ್ಡಿನಲ್ಲಿ ಕೆಲಸ ಸಿಕ್ಕಿದೆ, ಬಾಡಿಗೆ ಮನೆ ಬದಲು ನ್ಯಾರೋಬೋಟ್, ಅಂದರೆ ಇಲ್ಲಿನ ಕಾಲುವೆಗಳ ಉದ್ದನೆಯ ಕಿರಿದಾದ ದೋಣಿ, ಕೊಂಡು ಅದರಲ್ಲೇ ಇರಬೇಕು ಅಂದುಕೊಂಡಿದ್ದೇವೆ, ಥೇಮ್ಸ್ ತುಂಬಿ ಹರಿಯುವಾಗ ಏನು ಮಾಡುತ್ತೀರಿ, ಎಷ್ಟು ದಿನ ಕಾಯುತ್ತೀರಿ ಎಂದು ಕೇಳಿದ್ದೀರಿ. ನಾನೂ ನನ್ನ ಹೆಂಡತಿಯೂ ಇದೇ ಊರಿನ ಆಸುಪಾಸಿನಲ್ಲಿ ಬೋಟಿನಲ್ಲೇ ಸಂಸಾರ ಮಾಡುತ್ತಿದ್ದೇವೆ. ದಿನಗಳ ಲೆಕ್ಕಕ್ಕಿಂತ ಎಲ್ಲಿ ನಿಂತು ಕಾಯುತ್ತೀರಿ ಅನ್ನೋದೇ ಮುಖ್ಯ. ಅದನ್ನು ಮಳೆಗೆ ಮೊದಲೇ ತೀರ್ಮಾನ ಮಾಡಿಬಿಡಬೇಕು.

ಥೇಮ್ಸ್‌ನ ಲಾಕ್‌ಗಳಲ್ಲಿ, ಅಂದರೆ ಬೋಟನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳಲ್ಲಿ, ಬೋರ್ಡ್ ಹಾಕುತ್ತಾರೆ. ಸೆಳವು ಏರುತ್ತಿದೆ ಎಂಬ ಹಳದಿ ಬೋರ್ಡ್ ಕಂಡರೆ ಒಳ್ಳೆಯ ಜಾಗ ನೋಡಿ ಬೋಟ್ ಕಟ್ಟಿಕೊಳ್ಳಿ. ಸೆಳವು ಇಳಿಯುತ್ತಿದೆ ಎಂಬ ಹಳದಿ ಬೋರ್ಡ್ ಇದ್ದರೆ ಇಂಜಿನ್ ಬೋಟುಗಳು ಹುಷಾರಾಗಿ ಹೋಗಬಹುದು. ಕೆಂಪು ಬೋರ್ಡ್ ಬಂತೆಂದರೆ ಯಾರೂ ಹೊರಡಬಾರದು. ಸಲಹೆ ಅಂತ ಹೇಳುತ್ತಾರೆ, ನೀವು ಆಜ್ಞೆ ಅಂತಲೇ ತಿಳಿಯಿರಿ. ನಮ್ಮ ಬೋಟುಗಳ ಅಗಲ 7 ಅಡಿಗಿಂತ ಕಡಿಮೆ, ಉದ್ದ 50, 60 ಅಡಿ, ತಳ ಚಪ್ಪಟೆ. ಇಂಜಿನ್ ಸುಮಾರು 40 ಕುದುರೆಶಕ್ತಿ ಅಷ್ಟೇ. ಸೆಳವಿನ ಜೊತೆ ಕೆಳಗೆ ಹೋಗುವಾಗ ಚುಕ್ಕಾಣಿ ಮಾತು ಕೇಳಬೇಕಾದರೆ ನೀರಿಗಿಂತ ವೇಗವಾಗಿ ಹೋಗಲೇಬೇಕು. ಮುಂದೆ ಲಾಕ್, ಪಕ್ಕದಲ್ಲೇ ವಿಯರ್, ಅಂದರೆ ಅಣೆ. ನೀರೆಲ್ಲ ಆ ಕಡೆಗೇ ಎಳೆಯುತ್ತಿರುತ್ತದೆ. ಅಲ್ಲಿ ಹತ್ತಿಪ್ಪತ್ತು ಟನ್ ಕಬ್ಬಿಣವನ್ನು ನಿಲ್ಲಿಸೋದು ಹೇಗೆ?

ಇನ್ನು ಎಷ್ಟು ದಿನ ಅನ್ನೋದು. ಆಕ್ಸ್‌ಫರ್ಡಿನಲ್ಲಿ ಥೇಮ್ಸ್ ಸೇರುವ ಚೆರ್ವೆಲ್ ನದಿ ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಥೇಮ್ಸ್ ಹಾಗಲ್ಲ. ಅದರ ಮೇಲ್ಭಾಗದ ನೀರು ಬಹುಪಾಲು ಕಾಟ್ಸ್‌ವೋಲ್ಡ್ಸ್‌ನ ಸುಣ್ಣಕಲ್ಲಿನ ಗುಡ್ಡಗಳಿಂದ ಬರುತ್ತದೆ. ಆ ಕಲ್ಲು ಮಳೆಯನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಹಾಗಾಗಿ ಬಿಸಿಲು ಬಂದ ಮೇಲೂ ಕೆಂಪು ಬೋರ್ಡ್ ವಾರಗಟ್ಟಲೆ ಹಾಗೇ ಇರಬಹುದು. 2013-14ರ ಚಳಿಗಾಲ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1766ರಿಂದ ಇರುವ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಬಿದ್ದ ಚಳಿಗಾಲ. 2024ರ ಜನವರಿಯಲ್ಲಿ ಹೆಂಕ್ ಬಿರುಗಾಳಿ ಬಂದಾಗಲೂ ಥೇಮ್ಸ್ ದಡ ಮೀರಿತು. ಎರಡು ದಿನದಲ್ಲಿ ಹೊರಟುಬಿಡ್ತೀನಿ ಅಂತ ಯಾರಿಗೂ ಮಾತು ಕೊಡಬೇಡಿ.

ಆಕ್ಸ್‌ಫರ್ಡಿನವರಿಗೆ ಒಂದು ಅನುಕೂಲ ಇದೆ. ಐಸಿಸ್ ಲಾಕ್ ಅಥವಾ ಡ್ಯೂಕ್ಸ್ ಕಟ್ ಮೂಲಕ ಥೇಮ್ಸ್‌ನಿಂದ ಆಕ್ಸ್‌ಫರ್ಡ್ ಕಾಲುವೆಗೆ ಬಂದುಬಿಡಬಹುದು. ಕಾಲುವೆಯಲ್ಲಿ ಸೆಳವಿನ ಕಾಟ ಇಲ್ಲ. ಆದರೆ ಉತ್ತರಕ್ಕೆ ಹೋದರೆ ಶಿಪ್ಟನ್ ವಿಯರ್ ಲಾಕ್‌ನಿಂದ ಬೇಕರ್ಸ್ ಲಾಕ್‌ವರೆಗೆ ಸುಮಾರು ಒಂದು ಮೈಲಿ ಚೆರ್ವೆಲ್ ನದಿಯೇ ಕಾಲುವೆ. ಅದು ಉಕ್ಕಿದರೆ ಅಲ್ಲೂ ದಾರಿ ಬಂದ್. ಅದಕ್ಕೇ ನನಗೆ ಕಾಲುವೆ ದಡದ ಥ್ರಪ್ ಹಳ್ಳಿ ಇಷ್ಟ. ಅದು ಶಿಪ್ಟನ್‌ಗಿಂತ ಈಚೆಗೆ ಇದೆ. ನೀರಿನ ನಲ್ಲಿ ಇದೆ, ಟಾಯ್ಲೆಟ್ ಡಬ್ಬ ಖಾಲಿ ಮಾಡುವ ಜಾಗವೂ ಇದೆ. ನೆರೆ ಬಂದಾಗ ಈ ಎರಡರ ಬೆಲೆ ಗೊತ್ತಾಗುತ್ತದೆ. ನೀರಿನ ಟ್ಯಾಂಕು ಇಬ್ಬರಿಗೆ ವಾರಕ್ಕಿಂತ ಜಾಸ್ತಿ ಬರುತ್ತದೆ, ಟಾಯ್ಲೆಟ್ ಡಬ್ಬ ಎರಡು ಮೂರು ದಿನದಲ್ಲೇ ತುಂಬುತ್ತದೆ. ಒಂದು ಡಬ್ಬ ಹೆಚ್ಚಿಗೆ ಇಟ್ಟುಕೊಳ್ಳಿ.

ನದಿಯಲ್ಲೇ ಸಿಕ್ಕಿಕೊಂಡರೆ ಹಗ್ಗದ ಮೇಲೆ ಕಣ್ಣಿರಲಿ. ನೆಲ ನೆನೆದು ಮೆತ್ತಗಾದಾಗ ಕಬ್ಬಿಣದ ಗೂಟ ಸಲೀಸಾಗಿ ಕಿತ್ತುಬರುತ್ತದೆ. ಕಾಂಕ್ರೀಟಿಗೆ ಹಾಕಿದ ಬಳೆ ಸಿಕ್ಕರೆ ಅದಕ್ಕೇ ಕಟ್ಟಿ. ಹಗ್ಗ ಬಿಗಿಯಾಗಿದ್ದು ನೀರು ಏರಿದರೆ ಬೋಟು ಒಂದು ಕಡೆಗೆ ವಾಲುತ್ತದೆ, ಆಮೇಲೆ ಗಂಟು ಬಿಚ್ಚೋದೂ ಕಷ್ಟ. ಸಡಿಲ ಬಿಡಿ, ರಾತ್ರಿ ಎದ್ದು ನೋಡಿ. ನಿಜವಾದ ಅಪಾಯ ಇರುವುದು ನೀರು ಇಳಿಯುವಾಗ. ದಡ ಮುಳುಗಿದ್ದಾಗ ಬೋಟು ಅದರ ಮೇಲೆ ತೇಲಿಬಂದಿರುತ್ತದೆ. ನೀರು ಇಳಿದರೆ ಒಂದು ಪಕ್ಕ ದಡದ ಅಂಚಿಗೆ ಸಿಕ್ಕಿ, ಇನ್ನೊಂದು ಪಕ್ಕ ಕೆಳಗೆ ಹೋಗುತ್ತದೆ. ಮುಂಭಾಗದ ನೀರಿಳಿಯುವ ತೂತುಗಳೋ ಇಂಜಿನ್ ಕೋಣೆಯ ಗಾಳಿಕಿಂಡಿಯೋ ಮುಳುಗಿದರೆ ಮನೆಯೇ ಮುಳುಗಿದಂತೆ. ಹೀಗಾಗದಂತೆ ಬೋಟಿಗೂ ದಡಕ್ಕೂ ನಡುವೆ ಉದ್ದನೆಯ ಕಂಬಗಳನ್ನು ನೆಟ್ಟು ಬೋಟನ್ನು ಆಚೆಗೆ ಇಡುತ್ತೇವೆ. ಇಂಥ ಎರಡು ಕಂಬ ಚಾವಣಿ ಮೇಲೆ ಯಾವಾಗಲೂ ಇರಲಿ.

ಕಾಲುವೆಯಲ್ಲಿ ಒಂದೇ ಜಾಗದಲ್ಲಿ 14 ದಿನಕ್ಕಿಂತ ಜಾಸ್ತಿ ನಿಲ್ಲಬಾರದಲ್ವಾ ಎಂಬ ಚಿಂತೆ ನಿಮಗೆ ಬರಬಹುದು. ಖಾಯಂ ನಿಲ್ದಾಣ ಇಲ್ಲದವರಿಗೆ ಆ ನಿಯಮ ಇರುವುದು ನಿಜ. ಆದರೆ ಆ ನಿಯಮ ಬಂದಿರುವ 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯಲ್ಲೇ, ಸನ್ನಿವೇಶಕ್ಕೆ ತಕ್ಕಂತೆ ಹೆಚ್ಚು ದಿನ ನಿಲ್ಲಲೂ ಅವಕಾಶ ಇದೆ. ನೆರೆ ಅಂಥದ್ದೇ ಸನ್ನಿವೇಶ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟಿಗೆ ಮೊದಲೇ ಒಂದು ಇಮೇಲ್ ಹಾಕಿಡಿ.

ಭಯ ಆಗಲ್ವಾ ಅಂತಲೂ ಕೇಳಿದ್ದೀರಿ. ರಾತ್ರಿ ತೇಲಿಬಂದ ಮರದ ದಿಮ್ಮಿ ಬೋಟಿಗೆ ಗುದ್ದಿದಾಗ ಖಂಡಿತ ಆಗುತ್ತದೆ. ಅದಕ್ಕೇ ಮೊದಲ ಚಳಿಗಾಲ ಪೂರ್ತಿ ಕಾಲುವೆಯಲ್ಲೇ ಇರಿ. ಒಲೆಗೆ ಕಲ್ಲಿದ್ದಲು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಸರಿಯಾಗಿರಲಿ. ಥೇಮ್ಸ್‌ಗೆ ಏಪ್ರಿಲ್ ಕಳೆದ ಮೇಲೆ ಇಳಿಯಿರಿ.