ಎಡಗಡೆ ಬುಷ್ ಮತ್ತೆ ಮತ್ತೆ ಹೋಗೋದು ಯಾಕೆ?

2006ರ ಮಾರುತಿ 800, ಒಂದೇ ವರ್ಷದಲ್ಲಿ ಎಡಗಡೆ ಲೋವರ್ ಆರ್ಮ್ (ಚಕ್ರವನ್ನು ಗಾಡಿಯ ಅಡಿಭಾಗಕ್ಕೆ ಜೋಡಿಸುವ ತೋಳು) ಬುಷ್, ಅಂದರೆ ಆ ತೋಳಿನ ಬುಡದ ರಬ್ಬರ್ ಕೀಲು, ಮೂರು ಸಲ ಹಾಕಿಸಿದ್ದೀರಿ, ಆದರೂ ಹಂಪ್ ಇಳಿದಾಗ ಟಕ್ ಅನ್ನೋ ಸದ್ದು ನಿಂತಿಲ್ಲ ಅಂದಿದ್ದೀರಿ. ನಾಲ್ಕನೇ ಬುಷ್ ತರುವ ಮೊದಲು ಸ್ವಲ್ಪ ತಡೆಯಿರಿ ಸರ್.

ಮೊದಲು ಫಿಟ್ಟಿಂಗ್ ನೋಡಿ. ಗಾಡಿ ಜಾಕ್ ಮೇಲಿದ್ದಾಗ ಚಕ್ರ ಕೆಳಗೆ ಜೋತಾಡುತ್ತಿರುತ್ತದೆ. ಆಗಲೇ ಬುಷ್‌ನ ಬೋಲ್ಟ್ ಪೂರ್ತಿ ಬಿಗಿದರೆ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಳ್ಳುತ್ತದೆ, ನಿಂತಾಗಲೂ ಎಳೆದುಕೊಂಡೇ ಇರುತ್ತದೆ. ಹರಿಯದೆ ಇನ್ನೇನಾಗುತ್ತೆ, ಅಲ್ವಾ? ಬೋಲ್ಟ್ ಸುಮ್ನೆ ಕೂರಿಸಿ, ಚಕ್ರ ನೆಲಕ್ಕೆ ಬಿಟ್ಟು, ಗಾಡಿಯ ಭಾರ ಬಿದ್ದ ಮೇಲೆ ಕೊನೆಯ ಬಿಗಿ ಕೊಡಬೇಕು. ನನ್ನ 800ರಿಂದ ತೆಗೆದ ಬುಷ್‌ನಲ್ಲಿ ರಬ್ಬರ್ ಸವೆದೇ ಇರಲಿಲ್ಲ. ಒಳಗಿನ ಕಬ್ಬಿಣದ ಕೊಳವೆಯ ಸುತ್ತ ಉಂಗುರದ ಹಾಗೆ ಹರಿದಿತ್ತು. ನಿಮ್ಮ ಹಳೇ ಬುಷ್ ಹೇಗಿದೆ ನೋಡಿ.

ಇನ್ನೊಂದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಈ ಗಾಡಿಯಲ್ಲಿ ಲೋವರ್ ಆರ್ಮ್ ಹಿಂದೆ ಮುಂದೆ ಸರಿಯದ ಹಾಗೆ ಹಿಡಿಯುವುದು ಸ್ಟೆಬಿಲೈಸರ್ ಬಾರ್, ಅಂದರೆ ಎರಡೂ ಕಡೆಯ ಆರ್ಮ್‌ಗಳಿಗೆ ಸೇರಿರುವ ಅಡ್ಡ ಸರಳು. ಅದರ ಬುಷ್ ಸಡಿಲವಾದರೆ ಬ್ರೇಕ್ ಹೊಡೆದಾಗಲೆಲ್ಲ ಆರ್ಮ್ ಹಿಂದಕ್ಕೆ ಜಗ್ಗುತ್ತದೆ. ಆ ಪೆಟ್ಟೆಲ್ಲ ನೀವು ಹಾಕಿಸಿದ ಹೊಸ ಬುಷ್ ಮೇಲೆ. ಸಲಾಕೆ ಹಾಕಿ ಮೀಟಿಸಿ ನೋಡಿ, ಆಟ (ಸಡಿಲ ಅಲುಗಾಟ) ಇದ್ದರೆ ಎರಡೂ ಕಡೆ ಬದಲಿಸಿ.

ಇವೆರಡೂ ಸರಿಯಿದ್ದರೆ, ಆರ್ಮ್ ಬಾಗಿದೆಯಾ ಅಂತ ಬಲಗಡೆಯದರ ಜೊತೆ ಹೋಲಿಸಿ. ಎಡಗಡೆ ಟೈರಿನ ಒಂದೇ ಅಂಚು ಜಾಸ್ತಿ ಸವೆದಿದ್ದರೆ ಇದನ್ನು ಬಿಡಲೇಬೇಡಿ. ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಈ ಕೆಲಸವೆಲ್ಲ ಮುಗಿದ ಮೇಲೆ ಮಾಡಿಸಿ. ಆಟ ಇರುವಾಗ ಮಾಡಿಸಿದರೆ ದುಡ್ಡು ದಂಡ.