ಮರಗಳಂತೆ ಕಂಡ ಮನುಷ್ಯರು

ಪ್ರಶ್ನೆ: ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಪ್ರತಿ ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಏಳೆಂಟು ಮಹಿಳೆಯರು ರೋಗಿಗಳ ಮನೆಗೆ ಹೋಗುತ್ತೇವೆ. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು, ಲಕ್ವ ಹೊಡೆದು ಎರಡು ವರ್ಷದಿಂದ ಮಲಗಿರುವ ಹಿರಿಯರೊಬ್ಬರು ಕಳೆದ ವಾರ ನಾವು ಪ್ರಾರ್ಥನೆ ಆರಂಭಿಸಿದೊಡನೆ ಗೋಡೆಯ ಕಡೆಗೆ ಮುಖ ತಿರುಗಿಸಿಬಿಟ್ಟರು. ಹಿಂದಿನ ವಾರ ಅವರ ಜೊತೆ ತೆಗೆದ ಫೋಟೊವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ್ದೆವು. ವಿಶ್ವಾಸವಿಲ್ಲದವರಿಗೆ ಗುಣವಾಗುವುದು ಹೇಗೆ ಎಂದು ಜೊತೆಯವರು ಹೇಳುತ್ತಾರೆ. ಅಲ್ಲಿಗೆ ಹೋಗುವುದನ್ನು ನಿಲ್ಲಿಸಬೇಕೇ?
— ಹೆಸರು ಬೇಡ, ಮೂಡಿಗೆರೆ

ಉತ್ತರ: ನಿಲ್ಲಿಸಬೇಡಿ ತಾಯಿ, ಹೋಗುವ ರೀತಿಯನ್ನು ಬದಲಾಯಿಸಿಕೊಳ್ಳಿ. ಅವರು ದೇವರಿಗೆ ಬೆನ್ನು ಹಾಕಿದರೆಂದು ನನಗೆ ಅನ್ನಿಸುವುದಿಲ್ಲ. ಮಾತು ತೊದಲುವ, ಜಾರಿದ ಹೊದಿಕೆಯನ್ನು ಎಳೆದುಕೊಳ್ಳಲೂ ಇನ್ನೊಬ್ಬರ ಕೈ ಕಾಯಬೇಕಾದ ಮನುಷ್ಯನ ಮಂಚದ ಸುತ್ತ ಏಳೆಂಟು ಜನ ನಿಂತಾಗ, ಅವರಿಗೆ ಮರೆಯಾಗಿ ಉಳಿಯುವುದು ಗೋಡೆಯೊಂದೇ.

ಬೈಬಲಿನ ಮಾರ್ಕನ ಶುಭಸಂದೇಶದ 8ನೇ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನ ಪ್ರಸಂಗವಿದೆ. ಜನರು ಅವನನ್ನು ಕರೆತಂದು, ಮುಟ್ಟಿ ಗುಣಪಡಿಸಬೇಕೆಂದು ಯೇಸುವನ್ನು ಬೇಡುತ್ತಾರೆ. ಅವನಾಗಿ ಏನನ್ನೂ ಕೇಳುವುದಿಲ್ಲ, ಅವನ ವಿಶ್ವಾಸವನ್ನು ಯಾರೂ ಅಳೆಯುವುದೂ ಇಲ್ಲ. ಯೇಸು ಅವನ ಕೈ ಹಿಡಿದು ಊರ ಹೊರಗೆ, ಜನರ ಕಣ್ಣಿಗೆ ಬೀಳದ ಕಡೆಗೆ ನಡೆಸಿಕೊಂಡು ಹೋಗುತ್ತಾರೆ. ಒಮ್ಮೆ ಕೈಯಿಟ್ಟ ಮೇಲೆ ಏನಾದರೂ ಕಾಣುತ್ತಿದೆಯೇ ಎಂದು ಕೇಳುತ್ತಾರೆ. ಜನರು ಕಾಣುತ್ತಿದ್ದಾರೆ, ಆದರೆ ನಡೆದಾಡುವ ಮರಗಳಂತಿದ್ದಾರೆ ಎನ್ನುತ್ತಾನೆ ಅವನು. ಆಗ ಮತ್ತೊಮ್ಮೆ ಕೈಯಿಡುತ್ತಾರೆ. ಗುಣವಾದವನನ್ನು ಊರೊಳಗೆ ಹೋಗಬೇಡವೆಂದು ಹೇಳಿ ನೇರವಾಗಿ ಮನೆಗೆ ಕಳುಹಿಸುತ್ತಾರೆ. ಫೋಟೊ ಹಂಚುವ ನಮ್ಮ ಉತ್ಸಾಹವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನಾಚಿಕೆಯಾಗುತ್ತದೆ. ದೇವರೇ ಎರಡು ಸಲ ಮುಟ್ಟಿದ ಮೇಲೆ, ನಮ್ಮ ಎರಡು ಶುಕ್ರವಾರಗಳಿಗೆ ಫಲ ಕಾಣಲಿಲ್ಲವೆಂದು ರೋಗಿಯ ಮೇಲೆ ತಪ್ಪು ಹೊರಿಸುವುದು ಯಾವ ನ್ಯಾಯ?

ಆ ಮೊದಲ ನೋಟದಂಥದ್ದೇ ನಮ್ಮ ನೋಟವೂ. ನಮಗೆ ಕಂಡದ್ದು ಒಬ್ಬ ರೋಗಿ, ನಮ್ಮ ತಪಸ್ಸುಕಾಲದ ಒಂದು ಸತ್ಕಾರ್ಯ. ಮನುಷ್ಯ ಇನ್ನೂ ಕಂಡಿಲ್ಲ. ನಾನೂ ಇದಕ್ಕೆ ಹೊರತಲ್ಲ. ಹಾಸನದ ಆಸ್ಪತ್ರೆಯೊಂದರಲ್ಲಿ ಹಿರಿಯರೊಬ್ಬರ ಬಳಿ ಕಣ್ಣು ಮುಚ್ಚಿಕೊಂಡು ದೀರ್ಘವಾಗಿ ಪ್ರಾರ್ಥಿಸಿದ್ದೆ. ಅಷ್ಟು ಹೊತ್ತೂ ಅವರು ಬೆರಳೆತ್ತಿ ನೀರಿನ ಲೋಟ ತೋರಿಸುತ್ತಿದ್ದರೆಂದು ಪಕ್ಕದ ಹಾಸಿಗೆಯವರು ಆಮೇಲೆ ಹೇಳಿದರು.

ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರದಂದು ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ವಾಕ್ಯ ಕೇಳಿದ್ದೇವೆ, ನೀನು ಮಣ್ಣೆಂಬ ನೆನಪಿಗೆ ಹಣೆಯ ಮೇಲೆ ಬೂದಿ ಪಡೆದಿದ್ದೇವೆ. ಮಂಚದ ಮೇಲಿರುವವರೂ ಪಕ್ಕದಲ್ಲಿ ನಿಂತವರೂ ಒಂದೇ ಮಣ್ಣು. ಬೈಬಲಿನಲ್ಲಿ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಹಸಿದವನೊಡನೆ ಅನ್ನ ಹಂಚಿಕೊಂಡರೆ ಗಾಯ ಬೇಗ ಮಾಯುವುದು ಹಂಚಿಕೊಂಡವನದು ಎನ್ನುತ್ತದೆ. ನಿಮಗಾದ ಅವಮಾನವೂ ಅಲ್ಲಿಯೇ ಮಾಯಬೇಕಾದದ್ದು.

ಮೊದಲು ಆ ಫೋಟೊ ಅಳಿಸಿ, ಮನೆಯವರಲ್ಲಿ ಕ್ಷಮೆ ಕೇಳಿ. ಮುಂದಿನ ಸಲ ಶುಕ್ರವಾರವಲ್ಲದ ದಿನ ಒಬ್ಬರೇ ಹೋಗಿ. ಅವರು ಒಪ್ಪಿದರೆ ಸ್ವಾಧೀನ ತಪ್ಪಿದ ಕೈಯ ಉಗುರು ಕತ್ತರಿಸಿಕೊಡಿ, ಅದು ಅವರಿಂದ ಆಗದ ಕೆಲಸ. ಪ್ರಾರ್ಥನೆ ಬೇಕೇ ಎಂದು ಕೇಳಿ, ಬೇಡವೆಂದರೆ ಮನೆಗೆ ಬಂದು ಮಾಡಿ. ತೋಟದ ರೈಟರೆಂದರೆ ಮಳೆ ಅಳೆದು ಪುಸ್ತಕದಲ್ಲಿ ಇಂಚು, ಸೆಂಟುಗಳ (ಇಂಚಿನ ನೂರನೇ ಒಂದು ಭಾಗ) ಲೆಕ್ಕ ಬರೆದಿಟ್ಟವರಾಗಿರಬಹುದು. ಕಾಫಿಗೆ ಹೂ ಅರಳಿಸುವ ಹೂಮಳೆ ಬೇಕಾದ ದಿನಗಳಿವು. ಈ ಸಲ ಎಷ್ಟು ಸೆಂಟು ಮಳೆ ಬಿದ್ದರೆ ಸಾಕೆಂದು ಅವರನ್ನೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ.