ದುಬೈ ಎಣ್ಣೆಗೆ ಕೊಟ್ಟಿಗೆ ನಾತ

ಹುಬ್ಬಳ್ಳಿಯಲ್ಲಿ 30 ವರ್ಷ ಅತ್ತರ್ ಅಂಗಡಿ ನಡೆಸಿದವರು ಈ ಸಲ ಓದುಗರಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ತಮ್ಮ ದುಬೈನಿಂದ ಒಂದು ಡಬ್ಬಿ ಬಖೂರ್ ಧೂಪ, ಸ್ವಲ್ಪ ಊದಿನ ಚಕ್ಕೆ, ಬೆರಳುದ್ದದ ಬಾಟಲಿಯಲ್ಲಿ ಊದಿನ ಎಣ್ಣೆ ತಂದುಕೊಟ್ಟ. ಚಕ್ಕೆ ಕೆಂಡಕ್ಕೆ ಹಾಕಿದರೆ ಸುಟ್ಟ ಕಟ್ಟಿಗೆ ವಾಸನೆ. ಎಣ್ಣೆ ದನದ ಕೊಟ್ಟಿಗೆ ನಾತ ಹೊಡೆಯುತ್ತದೆ ಅಂತಾರೆ ನಮ್ಮತ್ತೆ. ತಮ್ಮ ಮೋಸ ಹೋದನಾ? — ಗದಗಿನ ಓದುಗರು

ಉತ್ತರ: ಅಕ್ಕಾ, ನಾತದ ಮೇಲೆ ತಮ್ಮನನ್ನು ಬೈಯಬೇಡಿ. ಊದು ಅಂದರೆ ಅಗರು ಮರದ ರಾಳ ಹಿಡಿದ ಕಟ್ಟಿಗೆ. ಎಣ್ಣೆ ತೆಗೆಯಲು ಅದರ ಚೂರನ್ನು ಭಟ್ಟಿಗೆ ಹಾಕುವ ಮೊದಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೀರಿನಲ್ಲಿ ನೆನೆಹಾಕುತ್ತಾರೆ. ಅಲ್ಲಿ ಅದು ಹುಳಿ ಬರುತ್ತದೆ. ನಮ್ಮ ಅಸ್ಸಾಮಿನ ಎಣ್ಣೆಗೆ ಆ ಗುಣ ಜಾಸ್ತಿ, ಕೊಲ್ಲಿ ದೇಶದ ಎಷ್ಟೋ ಮಂದಿ ಅದನ್ನೇ ಕೇಳಿ ಕೊಳ್ಳುತ್ತಾರೆ. ಚಿಕ್ಕವನಿದ್ದಾಗ ಅಪ್ಪ ನನ್ನ ಮುಂಗೈಗೆ ಹಚ್ಚಿದರೆ ನಾನು ಸೀದಾ ನಳದ ಕಡೆ ಓಡಿದ್ದೆ. ಕಡ್ಡಿಯ ತುದಿಗೆ ಹತ್ತಿದಷ್ಟು ಹಚ್ಚಿ, ಉಜ್ಜಬೇಡಿ. ಅರ್ಧ ತಾಸು ಬಿಟ್ಟು ಅತ್ತೆಯವರಿಗೆ ಮೂಸಲು ಕೊಡಿ.

ಚಕ್ಕೆಯ ವಿಷಯದಲ್ಲಿ ತಪ್ಪು ನಿಮ್ಮದೇ. ನಾವು ಕೂಸಿಗೆ ಎರೆದ ಮೇಲೆ ಕುಳ್ಳಿನ ಕೆಂಡಕ್ಕೆ ಲೋಬಾನ ಸುರಿದ ಹಾಗೆ ಹಾಕಿದ್ದೀರಿ, ಅಲ್ವಾ? ಊದು ಉರಿಯಬಾರದು. ಇದ್ದಲಿನ ಮೇಲೆಲ್ಲ ಬೂದಿ ಹಿಡಿಯುವ ತನಕ ತಡೀರಿ. ಆಮೇಲೆ ಕಡಲೆಬೇಳೆಯಷ್ಟು ಚೂರು ಸಾಕು. ಕಣ್ಣಿಟ್ಟು ನೋಡಿ, ಚೂರಿನ ಮೈಮೇಲೆ ಎಣ್ಣೆ ಸಣ್ಣಗೆ ಗುಳ್ಳೆ ಏಳುತ್ತದೆ. ಆಗ ಬರುವ ತೆಳು ಹೊಗೆಯೇ ಅಸಲು ಮಾಲು. ಗುಳ್ಳೆ ನಿಂತು ಚೂರು ಕಪ್ಪಾಯಿತು ಅಂದರೆ ತೆಗೆದುಬಿಡಿ. ಕಿಟಕಿ ತೆರೆದಿರಲಿ, ಮನೆಯಲ್ಲಿ ದಮ್ಮಿನವರಿದ್ದರೆ ಬೇಡವೇ ಬೇಡ.

ಬಖೂರ್ ಬೇರೆ ಲೆಕ್ಕ. ಅದು ಕಟ್ಟಿಗೆಯ ಪುಡಿ, ಚೂರಿಗೆ ಸುಗಂಧದ ಎಣ್ಣೆಗಳನ್ನು ಕೂಡಿಸಿ ಮಾಡಿದ್ದು. ಸೀರೆಗೆ ಹಿಡಿಸಲು ಅದೇ ಚಂದ. ಅರಬರ ಮನೆಯಲ್ಲಿ ಊಟ, ಕಾಫಿ ಎಲ್ಲ ಆದ ಮೇಲೆ ಧೂಪದ ಪಾತ್ರೆ ಕೈಯಿಂದ ಕೈಗೆ ದಾಟಿಸುತ್ತಾರೆ. ‘ಊದು ಬಂದ ಮೇಲೆ ಕೂರುವಂತಿಲ್ಲ’ ಅಂತ ಅವರಲ್ಲಿ ಗಾದೆಯೇ ಇದೆ. ನಮ್ಮಲ್ಲಿ ಕುಂಕುಮ ಕೊಟ್ಟು ಎಲೆ ಅಡಿಕೆ ಕೈಗಿಟ್ಟರೆ ಚಪ್ಪಲಿ ಹುಡುಕುವುದಿಲ್ಲವೇ, ಹಾಗೆ.

ಪ್ರಶ್ನೆ: ಒಳ್ಳೆ ಚಕ್ಕೆ ನೀರಲ್ಲಿ ಮುಳುಗುತ್ತದಂತೆ, ಹೌದಾ? — ಧಾರವಾಡದ ಓದುಗರು

ಉತ್ತರ: ರಾಳ ತುಂಬಿದ್ದು ಮುಳುಗುತ್ತದೆ, ಖರೆ. ಅದನ್ನೇ ನಂಬಿ ಒಮ್ಮೆ ಒಬ್ಬ ವ್ಯಾಪಾರಿಯ ಹತ್ತಿರ ಒಂದು ತೊಲೆ, ಅಂದರೆ 11.66 ಗ್ರಾಂ ಚಕ್ಕೆ ಕೊಂಡೆ. ಕಲ್ಲಿನ ಹಾಗೆ ಮುಳುಗಿತು. ಮನೆಗೆ ಬಂದು ಸೀಳಿದರೆ ಒಳಗೆ ಸೀಸ! ಕೊಳ್ಳುವಾಗ ಒಂದು ಚೂರು ಎದುರಿಗೇ ಬಿಸಿ ಮಾಡಿ ತೋರಿಸಲು ಹೇಳಿ.

ಪ್ರಶ್ನೆ: 2 ಎಕರೆಯಲ್ಲಿ ಅಗರು ಹಚ್ಚಬೇಕೆಂದಿದ್ದೇನೆ. ಲಾಭ ಇದೆಯೇ? — ಹಾನಗಲ್ ತಾಲೂಕಿನ ರೈತರು

ಉತ್ತರ: ನಾನು ಮಾರುವವ, ಬೆಳೆಯುವವನಲ್ಲ. ಆದರೂ ಒಂದು ಮಾತು. ಸುಮ್ನೆ ಬೆಳೆದ ಮರದಲ್ಲಿ ಸುವಾಸನೆ ಇರುವುದಿಲ್ಲ, ಒಳಗೆಲ್ಲ ಬಿಳಿಚಿದ ಮೆತ್ತನೆ ಕಟ್ಟಿಗೆ. ಗಾಯವಾಗಿ, ಅದಕ್ಕೆ ಶಿಲೀಂಧ್ರ ಹತ್ತಿದಾಗ ಮರ ತನ್ನನ್ನು ಕಾಯ್ದುಕೊಳ್ಳಲು ರಾಳ ಸುರಿಸುತ್ತದೆ. ನಾವು ಮಾರುವುದು ಆ ಕಪ್ಪು ಭಾಗ. ಸಸಿ ಮಾರುವವರನ್ನು ಎರಡೇ ಕೇಳಿ: ರಾಳ ಹಿಡಿಸುವವರು ಯಾರು, ಕೊಳ್ಳುವವರು ಯಾರು? ಅಸ್ಸಾಮಿನ ಅಗರು ಜಾತಿ 1995ರಿಂದ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶ ದೇಶಗಳ ಒಪ್ಪಂದ) ಪಟ್ಟಿಯಲ್ಲಿದೆ, ಹೊರದೇಶಕ್ಕೆ ಕಳಿಸಲು ಪರವಾನಗಿ ಕಾಗದ ಬೇಕು.

ಪ್ರಶ್ನೆ: ಊದಿ ಆರಿಸುವುದಕ್ಕೇ ಊದಿನಕಡ್ಡಿ ಅನ್ನುವುದಾ? — ಹುಬ್ಬಳ್ಳಿಯ ಶಾಲೆಯ ಹುಡುಗಿ

ಉತ್ತರ: ಅಲ್ಲ ಪುಟ್ಟಿ. ಅರಬಿಯ ‘ಊದ್’ ನಮ್ಮಲ್ಲಿ ಊದು ಆಯಿತು. ಅಲ್ಲಿ ಅದರ ಅರ್ಥ ಬರೀ ಕಟ್ಟಿಗೆ. ಇನ್ನು ಊದಿನಕಡ್ಡಿಯನ್ನು ಬಾಯಿಂದ ಊದಿದರೆ ನಮ್ಮಜ್ಜಿ ತಲೆಗೆ ಮೊಟಕುತ್ತಿದ್ದಳು. ಕೈ ಬೀಸಿಯೇ ಆರಿಸಬೇಕಿತ್ತು.